ಬೆಂಗಳೂರಲ್ಲ, ಶಿಡ್ಲಘಟ್ಟ

ಜಪಾನಿಗೆ ಬಂದು ಮೂರು ವರ್ಷ. ಯಾವ ಊರು ಅಂದವರಿಗೆಲ್ಲ "ಬೆಂಗಳೂರು" ಅಂದುಬಿಡುತ್ತಿದ್ದೆ. ನಮ್ಮ ರೇಷ್ಮೆಯೂರು ಶಿಡ್ಲಘಟ್ಟ ಅಂದರೆ ಬೆಂಗಳೂರಲ್ಲೇ ಕೆಲವರು "ಅದು ಆಂಧ್ರನಾ?" ಅಂತಾರೆ, ಇನ್ನು ಇಲ್ಲಿಯವರಿಗೆ ಏನಂತ ಬಿಡಿಸಿ ಹೇಳೋದು!

   

ಮೊನ್ನೆ ಗುನ್ಮಾ ಪ್ರಾಂತ್ಯದ ತೊಮಿಯೊಕಾಗೆ ಹೋಗಿದ್ದೆ. 1872ರ ರೇಷ್ಮೆ ಕಾರ್ಖಾನೆ. 1987ರಲ್ಲಿ ನಿಂತಿತು, 2014ರಿಂದ ವಿಶ್ವ ಪರಂಪರೆಯ ತಾಣ. ಸಾಲು ಯಂತ್ರಗಳನ್ನು ಕಂಡದ್ದೇ ಮೂಗು ತಾನಾಗಿ ಗೂಡು ಬೇಯಿಸುವ ವಾಸನೆ ಹುಡುಕಿತು. ಎಲ್ಲಿಂದ ಬರಬೇಕು? ಚಿಕ್ಕಂದಿನಲ್ಲಿ ಆ ನಾತಕ್ಕೆ ಮೂಗು ಮುಚ್ಚಿಕೊಂಡು ನಮ್ಮೂರಿನ ನೂಲು ಬಿಚ್ಚುವ ಫಿಲೇಚರ್‌ಗಳ ಬೀದಿ ದಾಟುತ್ತಿದ್ದವನೂ ನಾನೇ.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಊರು ಕೇಳಿದರು. ಮೊದಲ ಸಲ "ಶಿಡ್ಲಘಟ್ಟ" ಅಂದೆ. ಫೋನಲ್ಲಿ ನಮ್ಮ ಗೂಡು ಮಾರ್ಕೆಟ್ಟಿನ ಫೋಟೊ ತೋರಿಸಿದೆ. ಹಳದಿ ಗೂಡನ್ನು ದೊಡ್ಡದು ಮಾಡಿಸಿ ಮಾಡಿಸಿ ನೋಡಿದರು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಎಂಟೂವರೆ, ಮುದ್ದೆ ತಿರುವುವ ಹೊತ್ತು, ಇಲ್ಲಿ ನಡುರಾತ್ರಿ. ಎಲ್ಲ ಕೇಳಿಸಿಕೊಂಡು ಅಂದಳು: "ಅಲ್ಲಿ ಕೆಜಿ ಗೂಡು ಎಷ್ಟಂತೆ?"