ಹಿಡಿಯೋದು ಗೊತ್ತು, ಬಿಡೋದು?

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ನಾವೆಲ್ಲ ಬೆಲ್ಟ್ ಫ್ರಿಕ್ಷನ್ ಲೆಕ್ಕ ಮಾಡಿದ್ದೇವೆ. ಡ್ರಮ್ಮಿಗೆ ಹಗ್ಗ ಸುತ್ತಿದಷ್ಟೂ ಹಿಡಿಯೋಕೆ ಬೇಕಾದ ಬಲ ಕಡಿಮೆ ಆಗುತ್ತೆ. ಪರೀಕ್ಷೆ ಮುಗಿದ ಮೇಲೆ ಆ ಸೂತ್ರ ನಮಗೆ ಬೇಕಾಗಲಿಲ್ಲ. ಹಾಯಿದೋಣಿ ನಡೆಸುವವರಿಗೆ ಮಾತ್ರ ಅದು ದಿನಾ ಬೇಕು.

2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು ಭೂಮಿ ಸುತ್ತಿ, 2018ರ ಮೇ ತಿಂಗಳಲ್ಲಿ ಮರಳಿದ ನೌಕಾಪಡೆಯ 'ತಾರಿಣಿ'ಯಲ್ಲಿ ಇದ್ದದ್ದು ಆರೇ ಜನ ಮಹಿಳಾ ಅಧಿಕಾರಿಗಳು. ಅಂಥ ದೋಣಿಯ ಹಾಯಿಯನ್ನು ಬರಿಗೈಲಿ ಹಿಡಿಯೋಕಾಗಲ್ಲ. ಅದಕ್ಕೇ ವಿಂಚ್. ಘರ್ಷಣಾಂಕ 0.25 ಅಂತಿಟ್ಟುಕೊಂಡರೆ, ಒಂದು ಸುತ್ತಿಗೆ ಸುಮಾರು 5 ಪಟ್ಟು, ಮೂರು ಸುತ್ತಿಗೆ ಸುಮಾರು 110 ಪಟ್ಟು. 300 ಕೆಜಿ ಎಳೆತಕ್ಕೆ 3 ಕೆಜಿ ಬಲ ಸಾಕು!

ಆದ್ರೆ ಸೂತ್ರ ಒಂದು ಮಾತು ಹೇಳಲ್ಲ: ಸುತ್ತುಗಳು ಪಕ್ಕಪಕ್ಕದಲ್ಲೇ ಕೂತಿರಬೇಕು. ಬುಗುರಿಗೆ ಚಾಟಿ ಸುತ್ತುವಾಗ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದರೆ ಬಿಚ್ಚಿಕೊಳ್ಳಲ್ಲ, ಅಲ್ವಾ? ಇಲ್ಲೂ ಹಾಗೇ. ಮೇಲೆ ಬಿದ್ದ ಸುತ್ತು ಕೆಳಗಿನದನ್ನು ಒತ್ತುತ್ತೆ. ಗಾಳಿ ಎಳೆದಷ್ಟೂ ಬಿಗಿಯುತ್ತೆ. ದಿಢೀರ್ ಬಿರುಗಾಳಿ ಬಂದು ದೋಣಿ ವಾಲಿದಾಗ ತಕ್ಷಣ ಹಗ್ಗ ಸಡಿಲಿಸಬೇಕು. ಸಿಕ್ಕಿಕೊಂಡಿದ್ರೆ ಸಡಿಲಿಸೋದು ಹೇಗೆ?

ತಪ್ಪಿಸೋ ಉಪಾಯಗಳು ಸರಳ. ಹಗ್ಗ ಡ್ರಮ್ಮಿಗೆ ತುಸು ಕೆಳಗಿನಿಂದ ಏರುತ್ತಾ ಬರಬೇಕು, ಆಗ ಹೊಸ ಸುತ್ತು ಬುಡದಲ್ಲೇ ಕೂತು ಹಳೇದನ್ನು ಮೇಲಕ್ಕೆ ತಳ್ಳುತ್ತೆ. ಮೇಲಿನಿಂದ ಇಳಿದು ಬರ್ತಿದ್ರೆ ರಾಟೆಯ ಜಾಗ ಬದಲಿಸಬೇಕು. ಹಗ್ಗ ಸಡಿಲವಾಗಿರುವಾಗ ಒಂದೆರಡು ಸುತ್ತು ಮಾತ್ರ ಹಾಕಿ ಕೈಯಲ್ಲಿ ಎಳೆಯಬೇಕು. ಭಾರ ಬಿದ್ದಂತೆ ಸುತ್ತು ಹೆಚ್ಚಿಸಬೇಕು. ಕೈಯಲ್ಲಿರೋ ತುದಿಯನ್ನು ಸಡಿಲ ಬಿಡಬಾರದು.

ಇಷ್ಟಾದರೂ ಸಿಕ್ಕಿಕೊಂಡ್ರೆ, ಭಾರ ಇರೋ ಭಾಗಕ್ಕೆ ಇನ್ನೊಂದು ಹಗ್ಗವನ್ನು ಜಾರದ ಗಂಟಿನಿಂದ ಕಟ್ಟಿ, ಬೇರೆ ವಿಂಚ್‌ನಿಂದ ಎಳೆದು ಭಾರ ಇಳಿಸ್ತಾರೆ. ಆಮೇಲೆ ಸುತ್ತು ಬಿಡಿಸ್ತಾರೆ. ಅದೂ ಆಗದಿದ್ರೆ ಚಾಕುವೇ ಗತಿ.

ನಮ್ಮ ಪ್ರಶ್ನೆಪತ್ರಿಕೆ ಕೇಳೋದು ಹಿಡಿದಿಡೋಕೆ ಎಷ್ಟು ಬಲ ಬೇಕು ಅಂತ ಮಾತ್ರ. ಬೇಕಾದ ಕ್ಷಣದಲ್ಲಿ ಬಿಡೋಕಾಗುತ್ತಾ ಅಂತ ಯಾರೂ ಕೇಳಲ್ಲ. ಬ್ರೇಕಿರಲಿ, ಲಿಫ್ಟಿರಲಿ, ನಾಳೆ ನಾವು ಏನೇ ಡಿಸೈನ್ ಮಾಡಿದರೂ ಆ ಎರಡನೇ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.