ತಡವಾಗಿ ಕೊಡುತ್ತಿರುವ ಉತ್ತರ

1983ರ ಮಾತು. ಒಂಬತ್ತನೆಯ ತರಗತಿಗೆ ಉಷ್ಣಯಂತ್ರಗಳ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ವಿಮಾನದ ಎಂಜಿನ್ನು ಕಾರಿಗೆ ಯಾಕೆ ಹಾಕಬಾರದು?" ಎಂದು ಕೇಳಿದ. "ಮೊದಲು ಸೈಕಲ್ ಕಲಿಯಪ್ಪ, ಆಮೇಲೆ ವಿಮಾನ" ಎಂದೆ. ತರಗತಿಯೆಲ್ಲ ನಕ್ಕಿತು. ಆ ವರ್ಷ ಅವನು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನಿಜವೇನೆಂದರೆ, ನನಗೆ ಉತ್ತರ ತಿಳಿದಿರಲಿಲ್ಲ.

ನಿವೃತ್ತನಾದ ಮೇಲೆ ಓದಿ ತಿಳಿದುಕೊಂಡೆ. ಅಂತಹ ಕಾರುಗಳು ನಿಜವಾಗಿಯೂ ಓಡಿದ್ದವು. ಬ್ರಿಟನ್ನಿನ ರೋವರ್ ಕಂಪನಿ 1950ರಲ್ಲಿಯೇ ಗ್ಯಾಸ್ ಟರ್ಬೈನ್ ಕಾರೊಂದನ್ನು ಓಡಿಸಿ ತೋರಿಸಿತ್ತು. ಅಮೆರಿಕದ ಕ್ರೈಸ್ಲರ್ ಕಂಪನಿ 1963ರಿಂದ 1966ರವರೆಗೆ ಇಂತಹ 50 ಕಾರುಗಳನ್ನು 203 ಮಂದಿಗೆ ಸರದಿಯಂತೆ ಕೊಟ್ಟು ಪರೀಕ್ಷಿಸಿತ್ತು.

ಹಾಗಾದರೆ ತೊಡಕೇನು? ಅನಿಲವು ಹೆಚ್ಚು ಬಿಸಿಯಾದಷ್ಟೂ ಟರ್ಬೈನು ಇಂಧನವನ್ನು ಹೆಚ್ಚು ಚೆನ್ನಾಗಿ ಬಳಸಿಕೊಳ್ಳುತ್ತದೆ. ವಿಮಾನದ ಟರ್ಬೈನಿನ ಅಲಗುಗಳೊಳಗೆ ಸಣ್ಣ ದಾರಿಗಳನ್ನು ಮಾಡಿ, ಗಾಳಿ ಹಾಯಿಸಿ ತಂಪಾಗಿಡುತ್ತಾರೆ. ಕಾರಿನ ಟರ್ಬೈನಿನ ಅಲಗುಗಳು ತೀರ ಪುಟ್ಟವು. ಅವುಗಳಲ್ಲಿ ಅಂತಹ ದಾರಿ ಮಾಡುವುದು ಬಹಳ ಕಷ್ಟ. ತಂಪುಗೊಳಿಸದಿದ್ದರೆ ನಿಕ್ಕಲ್ ಮಿಶ್ರಲೋಹವೂ ಆ ಶಾಖದಲ್ಲಿ ಬಲಗುಂದುತ್ತದೆ.

ಆದ್ದರಿಂದ ವಿಜ್ಞಾನಿಗಳು ಲೋಹವನ್ನು ಬಿಟ್ಟು ಸಿಲಿಕಾನ್ ನೈಟ್ರೈಡ್, ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್‌ಗಳತ್ತ ತಿರುಗಿದರು. ನಾನು ಆ ಹುಡುಗನನ್ನು ನಗೆಪಾಟಲು ಮಾಡಿದ ವರ್ಷಗಳಲ್ಲಿಯೇ ಅಮೆರಿಕದಲ್ಲಿ ಎಜಿಟಿ 101 ಎಂಬ ಎಂಜಿನ್ನಿನ ಕೆಲಸ ನಡೆದಿತ್ತು. ಗುರಿ 1371 ಡಿಗ್ರಿ ಸೆಲ್ಸಿಯಸ್ ಶಾಖ, ನಿಮಿಷಕ್ಕೆ ಒಂದು ಲಕ್ಷ ಸುತ್ತು!

ನಮ್ಮ ತಾಯಿ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಕಣ್ಣಿಗೆ ಕಾಣದ ಬಿರುಕು ದನಿಯಲ್ಲಿ ತಿಳಿಯುತ್ತಿತ್ತು. ಈ ಹೊಸ ಸೆರಾಮಿಕ್‌ಗಳ ಪಾಡೂ ಅದೇ. ಪುಡಿಯನ್ನು ಅಚ್ಚಿನಲ್ಲಿ ರೂಪಿಸಿ, ಮಡಕೆಯಂತೆಯೇ ಸುಡುತ್ತಾರೆ. ಲೋಹವಾದರೆ ಬಗ್ಗಿ, ಹಿಗ್ಗಿ ಮುನ್ಸೂಚನೆ ಕೊಡುತ್ತದೆ. ಇವು ಕೂದಲೆಳೆಗಿಂತ ಸಣ್ಣ ದೋಷದಿಂದಲೂ ಥಟ್ಟನೆ ಒಡೆಯಬಲ್ಲವು. ದೋಷವಿಲ್ಲದ ಚಕ್ರಗಳನ್ನು ಅಗ್ಗವಾಗಿ, ಸಾವಿರಗಟ್ಟಲೆ ತಯಾರಿಸುವುದೇ ದೊಡ್ಡ ಸವಾಲಾಯಿತು. ಟರ್ಬೈನ್ ಕಾರು ಮಾರುಕಟ್ಟೆಗೆ ಬರಲೇ ಇಲ್ಲ.

ಆದರೂ ಶ್ರಮ ವ್ಯರ್ಥವಾಗಲಿಲ್ಲ. 1985ರಲ್ಲಿ ಜಪಾನಿನ ನಿಸ್ಸಾನ್ ಕಂಪನಿ ತನ್ನ ಕಾರಿನ ಟರ್ಬೋಚಾರ್ಜರ್ ಚಕ್ರವನ್ನು ಸಿಲಿಕಾನ್ ನೈಟ್ರೈಡ್‌ನಿಂದ ಮಾಡಿತು. ಅತಿವೇಗದ ಯಂತ್ರಗಳ ಬೇರಿಂಗ್ ಗುಂಡುಗಳಲ್ಲಿ ಆ ವಸ್ತು ಇಂದಿಗೂ ಬಳಕೆಯಲ್ಲಿದೆ.

ಮಗು, ನೀನು ಈಗ ಎಲ್ಲಿದ್ದೀಯೋ ತಿಳಿಯದು. ಇದನ್ನು ಓದಿದರೆ ಒಂದು ಮಾತು: ನಿನ್ನ ಪ್ರಶ್ನೆ ಸರಿಯಾಗಿತ್ತು. ತಪ್ಪಿದ್ದುದು ನನ್ನ ಉತ್ತರದಲ್ಲಿ. ಕ್ಷಮಿಸು.