ಮೊದಲು ಸ್ಪೀಕರ್, ಆಮೇಲೆ ಕಿವಿ

ಕಂಪ್ಯೂಟರಿನ ಪುಟ್ಟ ಸ್ಪೀಕರ್ ಜೋಡಿ ಕೆಟ್ಟರೆ ಈಗ ರಿಪೇರಿಯ ಮಾತೇ ಇಲ್ಲ. ‘ಬಿಸಾಕಿ, ಹೊಸದು ತರಿಸೋಣ’ ಅನ್ನುತ್ತಾರೆ. 34 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಆ ಮಾತು ರುಚಿಸುವುದಿಲ್ಲ. ಲೆಕ್ಕ ತಾಳೆಯಾಗಲಿಲ್ಲವೆಂದು ಲೆಡ್ಜರನ್ನೇ ಬಿಸಾಡಿ ಹೊಸದು ತರಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ವ್ಯತ್ಯಾಸ ಸಿಗುವ ತನಕ ಮನೆಗೆ ಹೋಗುವಂತೆಯೂ ಇರಲಿಲ್ಲ.

ಆದರೆ ಮೈಸೂರಿನ ನಮ್ಮ ಮನೆಯ ಸ್ಪೀಕರ್ ಕೆಟ್ಟಾಗ ಪ್ರಶ್ನೆ ಬರೀ ದುಡ್ಡಿನದಾಗಿರಲಿಲ್ಲ.

ಪುಣೆಯಲ್ಲಿರುವ ಮಗ, ಸೊಸೆ, ಆರು ವರ್ಷದ ಮೊಮ್ಮಗ ಪ್ರತಿ ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನಾಕೆ ‘ಏನಂದೆ ಪುಟ್ಟಾ? ಇನ್ನೊಂದ್ಸಲ ಹೇಳು’ ಎಂದು ಪದೇ ಪದೇ ಕೇಳತೊಡಗಿದಳು. ಅವನು ಶಾಲೆಯ ಸಂಗತಿ ಹೇಳಿದರೆ ಇವಳು ಊಟದ ವಿಷಯಕ್ಕೆ ಉತ್ತರ ಕೊಡುವಳು. ಅವನು ಕೇಕೆ ಹಾಕಿ ನಗುವನು. ಅವನಿಗೆ ಅದು ತಮಾಷೆ, ಇವಳಿಗೆ ಅಲ್ಲ. ಮೂರ್ನಾಲ್ಕು ವಾರ ಕಳೆಯುವಷ್ಟರಲ್ಲಿ, ಕಾಲ್ ಬಂದ ಕೂಡಲೇ ‘ನೀವೇ ಮಾತಾಡ್ರೀ, ನಂಗೆ ಒಳಗೆ ಕೆಲಸ ಇದೆ’ ಎಂದು ಎದ್ದು ಹೋಗುವುದು ಶುರುವಾಯಿತು. ತಿಂಡಿ ಮುಗಿದ ಮೇಲೆ ಭಾನುವಾರ ಅಡುಗೆಮನೆಯಲ್ಲಿ ಎಷ್ಟು ಕೆಲಸ ಇರುತ್ತದೆಂದು ನನಗೆ ಗೊತ್ತಿಲ್ಲವೇ?

‘ಅಪ್ಪ, ಅಮ್ಮನ ಕಿವಿ ಪರೀಕ್ಷೆ ಮಾಡ್ಸಿ. ಹಿಯರಿಂಗ್ ಏಡ್ ಹಾಕ್ಸೋಣ’ ಎಂದ ಮಗ. ಅವಳ ಬಲಗಿವಿ ಮಂದವೆಂಬುದು ಮದುವೆಯಾದಾಗಿನಿಂದ ಗೊತ್ತಿರುವ ವಿಷಯ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಂತೆ. ಎಡಗಿವಿ ಮಾತ್ರ ಬಲು ಚುರುಕು. ಹಿತ್ತಲಲ್ಲಿದ್ದುಕೊಂಡೇ ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುವಾಕೆ. ಆ ಕಿವಿ ಒಂದೇ ತಿಂಗಳಲ್ಲಿ ಕೈಕೊಟ್ಟಿತೆಂದರೆ ನನ್ನ ಮನಸ್ಸು ಒಪ್ಪಲಿಲ್ಲ. ‘ಮೊದಲು ಸ್ಪೀಕರ್ ನೋಡೋಣ, ಆಮೇಲೆ ಕಿವಿ’ ಎಂದೆ. ಜೊತೆಗೆ ಮಗಳ ಮಗಳನ್ನು ಕರೆದುಕೊಂಡೆ. ಪಕ್ಕದ ಬೀದಿಯಲ್ಲೇ ಇದ್ದಾಳೆ, ಏಳನೇ ತರಗತಿ.

ಅವಳಿಗೆ ಮೊದಲು ಟ್ರಯಲ್ ಬ್ಯಾಲೆನ್ಸ್ ಪಾಠ ಆಯಿತು. ಎರಡು ಕಡೆಯ ಮೊತ್ತ ಸೇರದಿದ್ದಾಗ ನಾವು ಎಲ್ಲ ಪುಟಗಳನ್ನೂ ಒಟ್ಟಿಗೆ ತಡಕುತ್ತಿರಲಿಲ್ಲ. ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ನೋಡುತ್ತಿದ್ದೆವು. ಆದರೆ ಯಾರೋ 72 ಬರೆಯುವ ಕಡೆ 27 ಬರೆದಿರಬಹುದು. ಅಂಕಿ ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲೇ ಇರುತ್ತದೆ. ಮಕ್ಕಳೇ, ಬೇಕಾದರೆ ಯಾವುದೇ ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಕಳೆದು ನೋಡಿ. ಅದೂ ಅಲ್ಲದಿದ್ದರೆ ಪುಸ್ತಕವನ್ನು ಅರ್ಧರ್ಧ ಮಾಡಿ, ತಪ್ಪು ಯಾವ ಅರ್ಧದಲ್ಲಿದೆ ಎಂದು ಹುಡುಕುವುದು. ಸ್ಪೀಕರಿಗೂ ಇದೇ ಮದ್ದು.

ಮೊಮ್ಮಗಳು ರಫ್ ಪುಸ್ತಕದಲ್ಲಿ ಶಬ್ದದ ದಾರಿ ಬರೆದಳು. ಕಂಪ್ಯೂಟರು, ಅಲ್ಲಿಂದ ಪಿನ್ನು, ಪಿನ್ನಿನಿಂದ ಬಲಗಡೆಯ ಡಬ್ಬ, ಅಲ್ಲಿಂದ ಉದ್ದನೆಯ ವೈರು, ಕೊನೆಗೆ ಎಡಗಡೆಯ ಡಬ್ಬ. ಕರೆಂಟು ಹೋಗುವುದು ಬಲ ಡಬ್ಬಕ್ಕೆ ಮಾತ್ರ. ಶಬ್ದಕ್ಕೆ ಬಲ ತುಂಬುವ ಆಂಪ್ಲಿಫೈಯರ್ ಇರುವುದು ಅಲ್ಲೇ. ಎಡ ಡಬ್ಬ ಅದರ ಬಾಲ. ಅಮ್ಮನ ಚುರುಕು ಕಿವಿಗೆ ಹತ್ತಿರವಿರಲಿ ಎಂದು ಮಗ ಹಿಂದಿನ ದಸರೆಗೆ ಬಂದಾಗ ಎಡ ಡಬ್ಬವನ್ನು ಅವಳ ಕುರ್ಚಿಯ ಪಕ್ಕದ ಕಿಟಕಿಯ ಕಟ್ಟೆ ಮೇಲೆ ಇಟ್ಟು ಹೋಗಿದ್ದ.

ಹಾಡು ಹಾಕಿ ಒಂದೊಂದೇ ಡಬ್ಬಕ್ಕೆ ಕಿವಿ ಇಟ್ಟೆವು. ಎಡ ಡಬ್ಬ ಉಸಿರೇ ಎತ್ತುತ್ತಿಲ್ಲ! ಬಲ ಡಬ್ಬದ ಶಬ್ದ ಕೋಣೆಯೆಲ್ಲ ತುಂಬುತ್ತಿದ್ದರಿಂದ ಎರಡು ಕಿವಿ ಸರಿಯಿರುವವರಿಗೆ ಇದು ತಿಳಿಯುವುದೇ ಇಲ್ಲ. ನನ್ನಾಕೆಯ ಪಾಡು ಬೇರೆ. ಶಬ್ದ ಬರುತ್ತಿದ್ದದ್ದು ಮಂದ ಕಿವಿಯ ಕಡೆಯಿಂದ. ನಮ್ಮ ತಲೆ ಒಂದು ಗೋಡೆಯಿದ್ದಂತೆ. ದಪ್ಪ ಸ್ವರ ಅದನ್ನು ಬಳಸಿಕೊಂಡು ಆಚೆ ಕಿವಿಗೆ ಹೋಗುತ್ತದೆ, ತೆಳು ಸ್ವರಕ್ಕೆ ಅಷ್ಟು ಸುಲಭವಲ್ಲ. ಸ, ಶ, ಟ ಇವೆಲ್ಲ ತೆಳು ಸ್ವರದ ಅಕ್ಷರಗಳು. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದೂ ಇವೇ. ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತನಿಖೆ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗಿನಲ್ಲಿ ಎಡ, ಬಲ ಎಂದು ಬೇರೆ ಬೇರೆ ಅಳತೆ ಇರುತ್ತದೆ, ಎರಡೂ ಸಮವಾಗಿದ್ದವು. ಪಿನ್ನನ್ನು ಕಿತ್ತು ಇಯರ್‌ಫೋನ್ ತೂತಿರುವ ಹಳೆಯ ಮೊಬೈಲಿಗೆ ಚುಚ್ಚಿದೆವು. ಆಗಲೂ ಎಡ ಡಬ್ಬ ಮೌನ. ಅಲ್ಲಿಗೆ ಕಂಪ್ಯೂಟರ್ ನಿರ್ದೋಷಿ.

ಈ ಪಿನ್ನನ್ನು ಮಕ್ಕಳು ಒಮ್ಮೆ ಹತ್ತಿರದಿಂದ ನೋಡಬೇಕು. ಕಪ್ಪು ಗೆರೆಗಳು ಅದನ್ನು ಮೂರು ಭಾಗ ಮಾಡಿರುತ್ತವೆ. ತುದಿ ಎಡಕ್ಕೆ, ನಡುವಿನದು ಬಲಕ್ಕೆ, ಬುಡದ್ದು ಎರಡಕ್ಕೂ ಸೇರಿದ್ದು. ಇಯರ್‌ಫೋನಿನ ಪಿನ್ ಅರೆಬರೆ ಕೂತಾಗ ಕೆಲವು ಹಾಡುಗಳಲ್ಲಿ ವಾದ್ಯ ಕೇಳಿಸಿ ಹಾಡುವವರ ದನಿಯೇ ಮಾಯವಾಗುತ್ತದೆ. ಭೂತಚೇಷ್ಟೆಯೇನಲ್ಲ. ಬುಡದ ಭಾಗ ತಾಗದಿದ್ದಾಗ ಎಡ ಬಲಗಳಲ್ಲಿ ಸಮನಾಗಿರುವ ದನಿ ಒಂದಕ್ಕೊಂದು ವಜಾ ಆಗಿಬಿಡುತ್ತದೆ. ಜಮಾ ನೂರು, ಖರ್ಚು ನೂರು, ಶಿಲ್ಕು ಸೊನ್ನೆ.

ಉಳಿದದ್ದು ಮೂರು: ಬಲ ಡಬ್ಬ, ವೈರು, ಎಡ ಡಬ್ಬ. ಎಲ್ಲವನ್ನೂ ಆರಿಸಿ, ಪ್ಲಗ್ ಕಿತ್ತು, ವೈರಿನ ಎರಡೂ ತುದಿ ಬಿಡಿಸಿದೆವು. ಟಾರ್ಚಿನ 1.5 ವೋಲ್ಟಿನ ಒಂದು ಸೆಲ್ಲಿಗೆ ಎರಡು ಗೇಣು ವೈರು ಹಿಡಿದು ಎಡ ಡಬ್ಬದ ಹಿಂದಿನ ಕ್ಲಿಪ್ಪುಗಳಿಗೆ ತಾಗಿಸಿದಾಗ ಒಳಗಿನಿಂದ ‘ಟಪ್’ ಎಂದಿತು. ‘ತಾತ, ಜೀವ ಇದೆ!’ ಎಂದು ಮೊಮ್ಮಗಳು ಕುಣಿದಳು. ಸ್ಪೀಕರಿನೊಳಗೆ ಒಂದು ಅಯಸ್ಕಾಂತ, ಅದರ ನಡುವೆ ತಾಮ್ರದ ಸುರುಳಿ, ಸುರುಳಿಗೆ ಅಂಟಿದ ಕಾಗದದ ಆಲಿಕೆ. ವಿದ್ಯುತ್ ಹರಿದಾಗ ಸುರುಳಿ ಆಲಿಕೆಯನ್ನು ತಳ್ಳುತ್ತದೆ, ಗಾಳಿ ಅಲುಗುತ್ತದೆ. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ರೂಪಿಸಿದ್ದು ಇದನ್ನೇ. ನೂರು ವರ್ಷವಾದರೂ ಮೂಲ ತಂತ್ರ ಬದಲಾಗಿಲ್ಲ.

ಆಮೇಲೆ ಉದ್ದನೆಯ ವೈರನ್ನು ಎಡ ಡಬ್ಬಕ್ಕೆ ಮತ್ತೆ ಸೇರಿಸಿ, ಅದರ ಇನ್ನೊಂದು ತುದಿಗೆ ಸೆಲ್ ತಾಗಿಸಿದೆವು. ಸದ್ದಿಲ್ಲ. ಕಳ್ಳ ಸಿಕ್ಕಿಬಿದ್ದ. ಬೆರಳಾಡಿಸುತ್ತಾ ಹೋದಾಗ ಕಿಟಕಿಯ ಕೀಲಿನ ಹತ್ತಿರ ವೈರು ಚಪ್ಪಟೆಯಾಗಿತ್ತು. ಮಳೆ ಬಂದಾಗಲೆಲ್ಲ ಕಿಟಕಿ ಮುಚ್ಚುತ್ತೇವಲ್ಲ, ಆ ಕೀಲು ಅದನ್ನು ಅಗಿದು ಅಗಿದು, ಮೇಲಿನ ಪ್ಲಾಸ್ಟಿಕ್ ಹಾಗೇ ಇದ್ದರೂ ಒಳಗಿನ ತಾಮ್ರ ತುಂಡಾಗಿತ್ತು.

ಮೂರು ಮೀಟರ್ ಹೊಸ ವೈರಿಗೆ 60 ರೂಪಾಯಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಬೇಕು. ಅದಲಾಬದಲಾದರೆ ಒಂದು ಆಲಿಕೆ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ದಪ್ಪ ಸ್ವರ ಸೊರಗುತ್ತದೆ. ಮಕ್ಕಳಿಗೆ ಒಂದು ಕಟ್ಟಪ್ಪಣೆ: ಸೆಲ್ಲಿನ ಆಟ ಬಾಲದ ಡಬ್ಬಕ್ಕೆ ಮಾತ್ರ, ಅದೂ ಕ್ಷಣಮಾತ್ರ, ದೊಡ್ಡವರ ಎದುರಿಗೆ. 230 ವೋಲ್ಟ್ ಬರುವ ಡಬ್ಬವನ್ನು ಪ್ಲಗ್ ಕಿತ್ತ ಮೇಲೂ ಬಿಚ್ಚಬಾರದು. ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು. ಅದು ರಿಪೇರಿಯವರ ಕೆಲಸ.

ಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಹೆಚ್ಚಾಗಿ ಧೂಳು ಕಾರಣ. ಆರಿಸಿಟ್ಟು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಅನೇಕ ಸಲ ಹೋಗುತ್ತದೆ.

ಮುಂದಿನ ಭಾನುವಾರ ‘ಅಜ್ಜಿಯನ್ನ ಕರೀರಿ’ ಎಂದ ಮೊಮ್ಮಗ. ಒಲ್ಲದ ಮನಸ್ಸಿನಿಂದ ಬಂದು ಕೂತಳು. ಅವನು ಬಾಯಿ ತೆರೆದು ತೋರಿಸಿ ಏನೋ ಹೇಳಿದ. ಇವಳು ತಟ್ಟನೆ, ‘ಅಯ್ಯೋ, ಹಲ್ಲು ಬಿತ್ತೇನೋ? ಮಣ್ಣಲ್ಲಿ ಹೂತು ಹಾಕಿದ್ಯಾ ಇಲ್ವಾ?’ ಎಂದಳು. ಆ ಹಲ್ಲು ಬಿದ್ದು ಮೂರು ವಾರವಾಗಿತ್ತು. ಪ್ರತಿ ವಾರವೂ ಹೇಳಿದ್ದನಂತೆ. ಮುಕ್ಕಾಲು ಗಂಟೆ ಮಾತಾಡಿದರು. ನನಗೆ ಬಾಯಿ ಹಾಕಲು ಅವಕಾಶವೇ ಸಿಗಲಿಲ್ಲ.

ಹಾಗೆಂದು ಕಿವಿಯ ಪರೀಕ್ಷೆ ಬಿಡಲಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಸಣ್ಣ ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಬಲಗಿವಿ ಗೊತ್ತಿದ್ದದ್ದೇ. ಎಡಗಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ, ಒಂದು ವರ್ಷ ಬಿಟ್ಟು ಬನ್ನಿ ಎಂದರು. ಆಟೋದಲ್ಲಿ ಬರುವಾಗ ನನ್ನಾಕೆ ಹೇಳಿದ್ದು ಇಷ್ಟು: ‘ಆ ಹುಡುಗಿ ಎಷ್ಟು ಬಿಡಿಸಿ ಬಿಡಿಸಿ ಮಾತಾಡ್ತಾಳೆ ನೋಡಿ. ನೀವೂ ಹಂಗೇ ಮಾತಾಡಿ, ಗೊಣಗಬೇಡಿ.’